ಅರವತ್ತೊಂದನೇ ಪುಟ

ಜುಲೈ 27, 2025, ಭಾನುವಾರ
ಗಾಂಧಿನಗರ, ಬಳ್ಳಾರಿ

ಬಂತು. ಇಪ್ಪತ್ತು ದಿನದಿಂದ ಬರಲಿ ಬರಲಿ ಎಂದು ಕಾಯುತ್ತಿದ್ದ ವಿಮರ್ಶೆ ಇವತ್ತಿನ ಪುರವಣಿಯಲ್ಲಿ ಬಂತು. ಬರದೇ ಇದ್ದಿದ್ದರೆ ಚೆನ್ನಾಗಿತ್ತು.

"ಕೊಲೆಗಾರ ಯಾರೆಂದು ನಲವತ್ತನೇ ಪುಟದಲ್ಲೇ ತಿಳಿದುಹೋಗುತ್ತದೆ. ಉಳಿದ ನೂರೈವತ್ತು ಪುಟ, ಅದು ಮಾರೆಕ್ಕನಿಗೂ ತಿಳಿಯಲಿ ಎಂದು ಓದುಗ ಕಾಯಬೇಕು. 'ಸಸಿ ಮಡಿ'ಯಲ್ಲಿ ಕೆಸರಿನಲ್ಲಿ ನಿಂತು ಯೋಚಿಸುತ್ತಿದ್ದ ಆ ಹೆಂಗಸಿಗೆ ಎರಡೇ ವರ್ಷದಲ್ಲಿ ಏನಾಯಿತು?" ಇಷ್ಟು ಸಾಕು. ಉಳಿದದ್ದನ್ನು ನನ್ನ ಕೈಯಾರೆ ಇಲ್ಲಿ ಇಳಿಸಿಕೊಳ್ಳುವಷ್ಟು ಗಟ್ಟಿಗ ನಾನಲ್ಲ.

ಜಯಶ್ರೀ ಏಳುವ ಮೊದಲೇ ಆ ಹಾಳೆಯನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ತುರುಕಿದೆ. ಮಧ್ಯಾಹ್ನ ಅವಳು ಅಕ್ಕಿ ತೆಗೆಯುತ್ತಾ, "ರೀ, ಅದನ್ನ ನಾನು ಮುಂಜಾನಿನೇ ಫೋನಿನ್ಯಾಗ ಓದೀನಿ. ಡಬ್ಬಿ ಅಲ್ಲಾಡಾಕತ್ತೈತಿ, ತಗೀರಿ ಅದನ್ನ" ಎಂದಳು. ಹೆಂಡತಿಯಿಂದ ಪೇಪರ್ ಮುಚ್ಚಿಡಲಾರದವನು ಓದುಗರಿಂದ ಕೊಲೆಗಾರನನ್ನು ಮುಚ್ಚಿಡುತ್ತಾನಂತೆ.

ಕುರುಗೋಡಿನ ತಾಲ್ಲೂಕು ಕಚೇರಿಯಲ್ಲಿ ಕಡತ ತಿರುವುವ ಈ ದುರ್ಗೇಶನಿಗೆ, ಅಂದರೆ ನನಗೆ, ಪತ್ತೇದಾರಿ ಕಾದಂಬರಿಯ ಉಸಾಬರಿ ಯಾಕೆ ಬೇಕಿತ್ತು? ಒಂದು ಬರೆದ. ಮೂರು ಮುದ್ರಣವಾಯಿತು. ಅಲ್ಲಿಗೆ ಕೈಮುಗಿದು ಕೂರಬೇಕಿತ್ತು. 'ಸಸಿ ಮಡಿ'ಯ ಮಾರೆಕ್ಕ ನಾಟಿ ಗುಂಪಿನ ಮೇಸ್ತ್ರಿ. ಸಸಿ ಹಚ್ಚಿದ ಸಾಲು ನೋಡಿ ಇದು ಯಾರ ಕೈ ಎಂದು ಹೇಳುವವಳು. ಹಾಗೆ ನೋಡಿಯೇ, ಗದ್ದೆಯಲ್ಲಿ ಹೆಣ ಹೂತವನು ಮೇಲೆ ತಾನೇ ಸಸಿ ನೆಟ್ಟು ಹೋಗಿದ್ದಾನೆಂದು ಹಿಡಿದವಳು. ಆ ಯುಕ್ತಿ ನನ್ನದಲ್ಲ, ಅವ್ವ ಹೇಳಿದ್ದು. ಹೊಸ ಪುಸ್ತಕ 'ಬಂಗಲೆಯ ಮೂರನೇ ಕೀಲಿ'ಯಲ್ಲಿ ಮಾರೆಕ್ಕ ಬಳ್ಳಾರಿಗೆ ಬಂದು ಬಂಗಲೆಯಲ್ಲಿದ್ದಾಳೆ. ಗಂಜಿ ಹಾಕಿದ ಕಾಟನ್ ಸೀರೆ, ಕನ್ನಡಕಕ್ಕೆ ಸರ. ಇದೆಲ್ಲ ಹನುಮೇಶ್ ಹೇಳಿದ್ದಕ್ಕೆ ಮಾಡಿದ್ದು. ಪ್ರಕಾಶಕ ಹೇಳಿದ ಮೇಲೆ ಏನು ಮಾಡಲಿಕ್ಕಾಗುತ್ತದೆ.

ಜುಲೈ 28, ಸೋಮವಾರ

ಕಚೇರಿಯಲ್ಲಿ ಪಕ್ಕದ ಮೇಜಿನ ಜಡೆಪ್ಪ ಚಹಾ ಬಂದ ಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡ.

"ಸರ್, ನಿಮ್ಮ ಬುಕ್ ಓದಿದೆ."

ಲೋಟ ಕೆಳಗಿಟ್ಟೆ.

"ಮೊದಲನೇದು ಭಾಳ ಚಲೋ ಇತ್ತು ನೋಡ್ರಿ."

ಎರಡನೆಯದರ ಬಗ್ಗೆ ಇದಕ್ಕಿಂತ ಚೊಕ್ಕದಾಗಿ ಯಾರೂ ಹೇಳಲಾರರು. ಸುಮ್ಮನಿರಲಾರದೆ ಕೊಲೆಗಾರ ಯಾವಾಗ ಗೊತ್ತಾದ ಎಂದು ಕೇಳಿದೆ. "ಡ್ರೈವರ್ ಅಲ್ಲೇನ್ರಿ? ಆತ ಕಾರ್ ಒರಸ್ಕೊಂತ ನಿಂತಾಗನೇ ಅನ್ಕೊಂಡೆ. ಮೂವತ್ತನೇ ಪುಟ ಇರಬೇಕು" ಎಂದ. ಪತ್ರಿಕೆಯವರು ನನಗೆ ಹತ್ತು ಪುಟ ರಿಯಾಯಿತಿ ಕೊಟ್ಟಿದ್ದಾರೆ.

ಜುಲೈ 31, ಗುರುವಾರ

ಇವತ್ತು ಯಾರೂ ಪುಸ್ತಕದ ಮಾತೆತ್ತಲಿಲ್ಲ. ನಾನೇ ಮೂರು ಸಲ ಎತ್ತಿದೆ.

ಆಗಸ್ಟ್ 2, ಶನಿವಾರ

ದೇಶನೂರಿಗೆ ಅವ್ವನಿಗೆ ಫೋನ್ ಮಾಡಿದ್ದೆ. ಕಾಲುವೆಗೆ ನೀರು ಬಂದ ಮೇಲೆ ಎಲ್ಲರಿಗೂ ಒಂದೇ ದಿನ ಆಳು ಬೇಕಂತೆ. ಅವ್ವನ ನಾಟಿ ಗುಂಪಿನ ಹಂಪಕ್ಕನ ಸೊಂಟ ಹಿಡಿದಿದೆಯಂತೆ, ಆದರೂ ಮುಲಾಮು ಬಳಿದುಕೊಂಡು ದಿನಾ ಬರುತ್ತಾಳಂತೆ. ಅವ್ವ ಎಲ್ಲ ಹೇಳಿದಳು, ಪುಸ್ತಕದ ಸುದ್ದಿಯೊಂದನ್ನು ಬಿಟ್ಟು.

'ಸಸಿ ಮಡಿ' ಬಂದಾಗ ಹೀಗಿರಲಿಲ್ಲ. ಆ ಗುಂಪಿನ ಹೆಂಗಸರು, ಅವ್ವನನ್ನೂ ಸೇರಿಸಿ ಹದಿನೇಳು ಜನ, ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಗಂಗೋತ್ರಿ ಗಟ್ಟಿಯಾಗಿ ಓದುತ್ತಿದ್ದಳು. ಗುಂಪಿನಲ್ಲಿ ಪಿಯುಸಿವರೆಗೆ ಓದಿದವಳು ಅವಳೊಬ್ಬಳೇ. ದಿನಕ್ಕೆ ಹತ್ತು ಪುಟ, ಸಂಜೆ ಅವ್ವನ ಫೋನು. "ಲೇ, ಹಂಪಕ್ಕ ಅಂತಾಳ, ಆ ಗೌಡನ ಅಳಿಯನ ಮ್ಯಾಲ ಒಂದು ಕಣ್ಣಿಡಾಕ ನಿನ್ನ ಮಾರೆಕ್ಕಗ ಹೇಳಂತ." ಅಚ್ಚಾದ ಪುಸ್ತಕದೊಳಗಿನ ಮಾರೆಕ್ಕನಿಗೆ ಇನ್ನು ಹೇಗೆ ಹೇಳುವುದು? ಆದರೂ ಹೇಳ್ತೀನಿ ಅನ್ನುತ್ತಿದ್ದೆ.

ಈ ಸಲ ಐದು ಪ್ರತಿ ಕಳಿಸಿ ಇಪ್ಪತ್ತೈದು ದಿನವಾಯಿತು. ಕೊನೆಗೆ ನಾನೇ ಬಾಯಿಬಿಟ್ಟೆ. "ಓದಾಕತ್ತೀರೇನವ್ವ?"

"ಹ್ಞೂಂ. ಕೆಲಸ ಭಾಳ ಐತಿ" ಎಂದಳು. ಆಮೇಲೆ, "ಜಯಶ್ರೀ ಅರಾಮದಾಳಲ್ಲ?"

ಹತ್ತು ನಿಮಿಷ ಮಾತಾಡಿದರೂ ಅವ್ವ ಒಂದು ಸಲವೂ "ಲೇ" ಅನ್ನಲಿಲ್ಲ. ದಣಿದಿರಬೇಕು.

ಆಗಸ್ಟ್ 5, ಮಂಗಳವಾರ

ಹನುಮೇಶನ ಪ್ರೆಸ್ಸಿಗೆ ಹೋಗಿದ್ದೆ. ನನ್ನ ಪುಸ್ತಕದ ಕಟ್ಟುಗಳು ಬಾಗಿಲಲ್ಲೇ ಕೂತಿದ್ದವು. ಅಂಗಡಿಗಳಿಂದ ತವರಿಗೆ ಬಂದಿವೆ.

"ನೀವು ಹೇಳಿದಂಗ ಬರದೆ, ಏನಾತು ನೋಡ್ರಿ" ಎಂದೆ.

ಹನುಮೇಶ್ ಕನ್ನಡಕ ತೆಗೆದು ನನ್ನನ್ನು ನೋಡಿದ. "ನಾ ಹೇಳಿದ್ದು ಕಥಿ ಬಳ್ಳಾರಿಗೆ ತರ್ರಿ ಅಂತ ಸರ್. ಬಳ್ಳಾರ್ಯಾಗ ಕೂಲಿಯವರಿಲ್ಲೇನು? ಬಂಗಲೆ ನಿಮ್ಮದು."

ತರಿಸಿದ ಚಹಾ ಕುಡಿಯದೆ ಎದ್ದು ಬಂದೆ. ಹನುಮೇಶನಿಗೆ ಇತ್ತೀಚೆಗೆ ನೆನಪಿನ ಶಕ್ತಿ ಕಡಿಮೆ.

ಆಗಸ್ಟ್ 7, ಗುರುವಾರ

ಒಂದು ಕಾಲೇಜಿನಲ್ಲಿ ಭಾಷಣ. ಒಪ್ಪಿಕೊಂಡದ್ದು ವಿಮರ್ಶೆ ಬರುವ ಮೊದಲು. ಪರಿಚಯ ಮಾಡಿದವರು ಪುಸ್ತಕದ ಹಿಂಬದಿ ನೋಡಿಕೊಂಡು "ಕೃಷಿಕ ಕುಟುಂಬದಲ್ಲಿ ಜನಿಸಿದ" ಎಂದು ಓದಿದರು. ಆ ಸಾಲು ಬರೆದುಕೊಟ್ಟವನು ನಾನೇ. ನಮಗೆ ಒಂದು ಸೆಂಟ್ ಭೂಮಿಯೂ ಇಲ್ಲ, ಯಾವತ್ತೂ ಇರಲಿಲ್ಲ.

ಮೀನಾ ಎಂಬ ಹುಡುಗಿ ಎದ್ದು, "ಸರ್, ಮಾರೆಕ್ಕ ಗದ್ದಿ ಬಿಟ್ಟು ಯಾಕ ಬಂದ್ಳು?" ಎಂದು ಕೇಳಿದಳು. ಪಾತ್ರದ ಬೆಳವಣಿಗೆ ಎಂದೆ. ಹುಡುಗಿ ಬರೆದುಕೊಂಡಳು. ಅವಳು ಬರೆದುಕೊಂಡದ್ದು ನನಗೆ ಎಷ್ಟು ನಾಚಿಕೆ ತಂದಿತೆಂದರೆ, ಅವರು ಹೊದಿಸಿದ ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಮರೆತು ಬಂದೆ.

ಆಗಸ್ಟ್ 10, ಭಾನುವಾರ

ಇವತ್ತಿನದನ್ನು ಬರೆಯಬಾರದು ಎಂದುಕೊಂಡೇ ಬರೆಯುತ್ತಿದ್ದೇನೆ.

ಅವ್ವನನ್ನು ನೋಡಿ ಬರೋಣವೆಂದು ಬೆಳಿಗ್ಗೆ ಸಿರುಗುಪ್ಪ ಬಸ್ ಹತ್ತಿದೆ. ಅಲ್ಲಿಂದ ದೇಶನೂರಿಗೆ ಆಟೋ. ಭಾನುವಾರವಾದರೂ ಗುಂಪು ಗದ್ದೆಗೆ ಹೋಗಿತ್ತು. ಕೀಲಿ ಕಿಟಕಿಯ ಮೇಲೆ ಇಡುವ ಜಾಗದಲ್ಲೇ ಇತ್ತು. ಒಳಗೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಗೂಡಿನಲ್ಲಿ ನನ್ನ ಪುಸ್ತಕಗಳು. 'ಸಸಿ ಮಡಿ'ಗೆ ರಕ್ಷಾಪುಟವೇ ಇಲ್ಲ. ಕೆಸರು, ಉಪ್ಪಿನಕಾಯಿ ಎಣ್ಣೆ, ಹದಿನೇಳು ಜನರ ಕೈ ತಾಗಿ ಇಟ್ಟಿಗೆಯಷ್ಟು ದಪ್ಪ ಉಬ್ಬಿದೆ. ಅದರ ಪಕ್ಕದಲ್ಲಿ ಹೊಸದು. ನಾಲ್ಕು ಪ್ರತಿ ಕಟ್ಟು ಸಹ ಬಿಚ್ಚಿಲ್ಲ. ಐದನೆಯದು ಬಿಚ್ಚಿದ್ದು, ಅರವತ್ತೊಂದನೇ ಪುಟದಲ್ಲಿ ಮೂಲೆ ಮಡಚಿತ್ತು. ಅದರಾಚೆಗೆ ಹಾಳೆಗಳು ಪ್ರೆಸ್ಸಿನಿಂದ ಬಂದಷ್ಟೇ ಬಿಳಿ.

ಆ ಪುಟದಲ್ಲಿ ನಾನು ಬರೆದದ್ದು ಇದು:

"ಪಕ್ಕದ ಬಂಗಲೆಯ ಹಿತ್ತಲಲ್ಲಿ ಹುಲ್ಲು ಕೀಳುತ್ತಿದ್ದ ಕೂಲಿ ಹೆಂಗಸೊಬ್ಬಳು ಬಾಗಿಲಿಗೆ ಬಂದು ನೀರು ಕೇಳಿದಳು. ಮಾರೆಕ್ಕ ಒಳಗಿನಿಂದ ಚೊಂಬು ತಂದು, ಮೇಲಿನ ಮೆಟ್ಟಿಲಲ್ಲೇ ನಿಂತು, ಅವಳ ಬೊಗಸೆಗೆ ಎತ್ತರದಿಂದ ನೀರು ಸುರಿದಳು. ಹೆಂಗಸು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೋದಳು. ಮಾರೆಕ್ಕ ಮತ್ತೆ ಮೂರನೇ ಕೀಲಿಯ ಯೋಚನೆಯಲ್ಲಿ ಮುಳುಗಿದಳು."

ಮೊದಲ ಸಲ ಓದಿದಾಗ ವಾಕ್ಯ ಸ್ವಲ್ಪ ಉದ್ದವಾಯಿತು ಅನ್ನಿಸಿತು. ಎರಡನೇ ಸಲ ಮೆಟ್ಟಿಲು ಕಂಡಿತು. ಮೂರನೇ ಸಲ ಬೊಗಸೆ ಕಂಡಿತು.

ಎತ್ತರದಿಂದ. ಚೊಂಬು ತಾಗದಂತೆ. ಅವ್ವನ ಜೊತೆ ಧಣಿಗಳ ಮನೆಯಂಗಳಕ್ಕೆ ಹೋದಾಗಲೆಲ್ಲ ನಾನು ನೀರು ಕುಡಿದದ್ದು ಹಾಗೇ. ಮೊಣಕಾಲೂರಿ, ಬೊಗಸೆಯನ್ನು ಬಾಯಿಗೆ ಹಚ್ಚಿ, ಅಂಗಿಯೆಲ್ಲ ನೆನೆಯುವಂತೆ. ದೊಡ್ಡ ಮನೆಯ ಹೆಣ್ಣುಮಗಳು ಎಂದು ಯೋಚಿಸಿದ ಕೂಡಲೇ ನನ್ನ ಪೆನ್ನಿಗೆ ಬೇರೆ ರೀತಿಯ ನೀರು ಹೊಳೆಯಲೇ ಇಲ್ಲ. ಬರೆಯುವಾಗ ಕೈ ತಡೆಯಲಿಲ್ಲ. ಕರಡು ತಿದ್ದುವಾಗ ಅದೇ ಪುಟದಲ್ಲಿ ಎರಡು ಅಲ್ಪವಿರಾಮ ಸರಿಮಾಡಿದ್ದೇನೆ.

ಮತ್ತು ಅದನ್ನು ಗಂಗೋತ್ರಿ ಬದುವಿನ ಮೇಲೆ ಗಟ್ಟಿಯಾಗಿ ಓದಿದ್ದಾಳೆ.

ಗಂಟೆ ಹನ್ನೆರಡಾಗಿತ್ತು. ಗದ್ದೆಗೆ ಹೋಗಬಹುದಿತ್ತು. ಪುಸ್ತಕವನ್ನು ಇದ್ದ ಹಾಗೇ ಇಟ್ಟು, ಕೀಲಿ ಹಾಕಿ, ಹಿಂದಿನ ಓಣಿಯಿಂದ ಹೊರಟೆ. ಎದುರಿಗೆ ಎರ್ರೆಪ್ಪ ಮಾವ ಸಿಕ್ಕ. "ಈಗ ಬಂದಿ, ಈಗ ಹೊಂಟೆಲ್ಲೋ?" ಎಂದ. ಕಚೇರಿಯಿಂದ ಫೋನ್ ಬಂತು ಎಂದೆ. ಭಾನುವಾರ ಅದ್ಯಾವ ಕಚೇರಿ ಎಂದು ಅವನು ಕೇಳಲಿಲ್ಲ, ದೊಡ್ಡವನು.

ಆಗಸ್ಟ್ 11, ಸೋಮವಾರ

ಅವ್ವನ ಎರಡು ಫೋನ್ ಬಂದವು. ಎತ್ತಲಿಲ್ಲ.

ಆಗಸ್ಟ್ 12, ಮಂಗಳವಾರ

ಜಯಶ್ರೀಗೆ ಡ್ಯೂಟಿ ಇರಲಿಲ್ಲ. ಆ ಪುಟವನ್ನು ಅವಳ ಮುಂದೆ ಹಿಡಿದೆ. "ನೀನು ಹಸ್ತಪ್ರತಿ ಓದಿದ್ದಿ ಅಲ್ಲ? ಇದು ನಿನ್ನ ಕಣ್ಣಿಗೆ ಬೀಳಲಿಲ್ಲ?"

"ಬಿದ್ದಿತ್ತು. ನಾನು ಅದು ಸುಳಿವು ಅನ್ಕೊಂಡಿದ್ದೆ."

"ಯಾವ ಸುಳಿವು?"

"ಈಕಿ ಮಾರೆಕ್ಕ ಅಲ್ಲ, ಆಕಿ ಹೆಸರು ಹೇಳ್ಕೊಂಡು ಬ್ಯಾರೆ ಯಾರೋ ಬಂದಾರ ಅಂತ. ನಮ್ಮ ಮಾರೆಕ್ಕ ಹಂಗ ನೀರು ಹಾಕ್ತಾಳೇನ್ರಿ? ಕಡೀಗೆ ಗುಟ್ಟು ಬಿಡ್ತೀರಿ ಅಂತ ಕಾಯ್ಕೊಂತ ಓದಿದೆ. ಪುಸ್ತಕನೇ ಮುಗಿದುಹೋತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ದು ಕೊಲೆಗಾರ ಗೊತ್ತಾಗ್ತಾನೇನು ಅಂತ ಅಷ್ಟೇ. ಉಳಿದದ್ದು ನಿಮಗ ಗೊತ್ತಿದ್ದೇ ಬರದೀರಿ ಅನ್ಕೊಂಡೆ."

ಗೊತ್ತಿದ್ದು ಬರೆದಿದ್ದರೆ ದುಷ್ಟ ಅನ್ನಿಸಿಕೊಳ್ಳಬಹುದಿತ್ತು. ಗೊತ್ತಿಲ್ಲದೆ ಬರೆದವನಿಗೆ ಯಾವ ಹೆಸರಿದೆಯೋ. ಬೆಳಗಿನಿಂದ ಹುಡುಕುತ್ತಿದ್ದೇನೆ.

ಆಗಸ್ಟ್ 13, ಬುಧವಾರ

ಬರೆದೇ ಬಿಡುತ್ತೇನೆ. ಹನುಮೇಶ್ ಸೀರೆಯ ಬಗ್ಗೆ ಏನೂ ಹೇಳಿರಲಿಲ್ಲ. ಕನ್ನಡಕದ ಸರದ ಬಗ್ಗೆಯೂ ಹೇಳಿರಲಿಲ್ಲ. ಅವನ ನೆನಪಿನ ಶಕ್ತಿ ಚೆನ್ನಾಗಿದೆ.

'ಸಸಿ ಮಡಿ'ಯ ಮೂರನೇ ಮುದ್ರಣಕ್ಕೆ ಬಳ್ಳಾರಿಯಲ್ಲಿ ಒಂದು ಚಿಕ್ಕ ಸಮಾರಂಭವಿತ್ತು. ನಾನು ಅವ್ವನಿಗೆ ಹೇಳಿದ್ದೆ, ಕರೆದಿರಲಿಲ್ಲ. ಅವಳು ಬಂದಳು. ಗದ್ದೆಯಿಂದ ನೇರ ಬಸ್ ಹತ್ತಿದ್ದಳೆಂದು ಕಾಣುತ್ತದೆ, ಸೀರೆಯ ಅಂಚಿನ ಕೆಸರು ಒಣಗಿತ್ತು, ಹಿಮ್ಮಡಿ ಬಿರಿದಿತ್ತು. ಹಿಂದಿನ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿದ್ದವರು, "ಆ ಹೆಣ್ಮಗಳು ನಿಮ್ಮನ್ನ ನೋಡಿ ಕೈ ಮಾಡಾಕತ್ತಾರ, ಯಾರು?" ಎಂದರು.

"ನಮ್ಮೂರವರು" ಎಂದೆ.

ಎದುರಿಗೆ ಮೈಕ್ ಇತ್ತು. ಅದು ಚಾಲೂ ಇತ್ತೋ ಇಲ್ಲವೋ, ಒಂದೂವರೆ ವರ್ಷದಿಂದ ಗೊತ್ತಾಗುತ್ತಿಲ್ಲ. ಅವ್ವನನ್ನು ಕೇಳಲೂ ಇಲ್ಲ. ಮರುವಾರ ಎರಡನೇ ಪುಸ್ತಕ ಶುರು ಮಾಡಿದೆ, ಮೊದಲ ದಿನವೇ ಮಾರೆಕ್ಕನಿಗೆ ಗಂಜಿ ಹಾಕಿದ ಸೀರೆ ಉಡಿಸಿದೆ.

ಆಗಸ್ಟ್ 15, ಶುಕ್ರವಾರ

ಕುರುಗೋಡಿನಲ್ಲಿ ಧ್ವಜಾರೋಹಣ ಮುಗಿಸಿ, ಲಾಡು ಜೇಬಿಗೆ ಹಾಕಿಕೊಂಡು, ಮನೆಗೆ ಹೋಗದೆ ಸಿರುಗುಪ್ಪದ ಕಡೆ ಬಸ್ ಹತ್ತಿದೆ. ಮಧ್ಯಾಹ್ನ ಒಂದರ ಹೊತ್ತಿಗೆ ದೇಶನೂರಿನ ಗದ್ದೆ ಬಯಲಿನಲ್ಲಿ ಗುಂಪು ಸಿಕ್ಕಿತು. ಬದುವಿನ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚಿದ್ದರು. ನಾನು ಬಿಳಿ ಅಂಗಿ, ಎದೆಗೆ ಚಿಕ್ಕ ಧ್ವಜ, ಕೈಯಲ್ಲಿ ಚಪ್ಪಲಿ.

"ಬಾರಪ್ಪ ಸಾಹೇಬಾ" ಎಂದಳು ಹಂಪಕ್ಕ. "ಸ್ವಾತಂತ್ರ್ಯ ಇಲ್ಲಿಗೂ ಬಂತೇನು? ಒಂಬತ್ತು ಸಾಲು ಉಳದಾವ, ಹಚ್ಚಿ ಹೋಗು."

ಅವ್ವ ನನ್ನನ್ನು ನೋಡಿ, ನೋಡದವಳಂತೆ ರೊಟ್ಟಿ ಮುರಿದಳು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಂದದ್ದು ಒಂದೇ. "ತಪ್ಪಾತು."

ಯಾವುದು ಎಂದು ಯಾರೂ ಕೇಳಲಿಲ್ಲ. ಗಂಗೋತ್ರಿಯೇ ಮೊದಲು ಮಾತಾಡಿದಳು. "ಅಣ್ಣ, ನನಗ ಬಾಯಿ ಬರಲಿಲ್ಲ. ಅದೊಂದು ಪುಟ ಹಾರಿಸಿ ಮುಂದ ಓದಬೇಕು ಅಂತ ಮಾಡಿದ್ದೆ. ನಿಮ್ಮವ್ವ ಬ್ಯಾಡ ಅಂದ್ಳು."

"ಹಾರಿಸಿದ್ರ ಅದು ಅಲ್ಲಿ ಇಲ್ಲದಂಗ ಆಗ್ತೈತೇನು?" ಎಂದಳು ಅವ್ವ, ರೊಟ್ಟಿಗೆ ಹೇಳಿದ ಹಾಗೆ.

"ಬರದಾಂವ ಬಂದಾನಲ್ಲ, ಆತನೇ ಓದ್ಲಿ" ಎಂದಳು ಹಂಪಕ್ಕ.

ಗಂಗೋತ್ರಿ ಬುತ್ತಿಯ ಚೀಲದಿಂದ ಪುಸ್ತಕ ತೆಗೆದಳು. ಅಂದರೆ ಆ ಭಾನುವಾರವೊಂದು ಮನೆಯಲ್ಲಿ ಉಳಿದಿತ್ತಷ್ಟೇ, ದಿನಾ ತರುತ್ತಿದ್ದರು. ಓದದೆ ದಿನಾ ತಂದು, ದಿನಾ ಒಯ್ಯುತ್ತಿದ್ದರು. ನಾನು ನಿಂತುಕೊಂಡೇ ಅರವತ್ತೊಂದನೇ ಪುಟ ಓದಿದೆ. 'ಮೇಲಿನ ಮೆಟ್ಟಿಲಲ್ಲೇ' ಎನ್ನುವಲ್ಲಿ ನಾನೂ ಎಲ್ಲರಿಗಿಂತ ಎತ್ತರದಲ್ಲಿ ನಿಂತಿದ್ದೇನೆಂದು ಗೊತ್ತಾಗಿ, ಕೆಸರಿನಲ್ಲೇ ಕೂತೆ. ಉಳಿದದ್ದನ್ನು ಕೂತು ಓದಿ ಮುಗಿಸಿದೆ.

"ಆಕಿ ಹೆಸರೇನು?" ಎಂದು ಅವ್ವ ಕೇಳಿದಳು.

"ಯಾರದು?"

"ನೀರು ಕುಡದಾಕಿದು."

"ಇಟ್ಟಿಲ್ಲವ್ವ."

"ಮುಂದ ಬರ್ತಾಳೇನು?"

"ಇಲ್ಲ."

ಹಂಪಕ್ಕ ಸೊಂಟ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಆಕಿ ಹುಲ್ಲು ಕೀಳಾಕತ್ತಿದ್ದು ಎಲ್ಲಿ ಅಂದಿ?"

"ಪಕ್ಕದ ಬಂಗಲೆ ಹಿತ್ತಲಾಗ."

"ಖೂನಿ ಆಗಿದ್ದು?"

"ಅದೇ ಬಂಗಲ್ಯಾಗ. ಅವತ್ತು ಮುಂಜಾನಿ."

"ಹಂಗಾರ ಆಕಿ ಎಲ್ಲಾ ಕಂಡಾಳಲ್ಲೋ. ನಿನ್ನ ಮಾರೆಕ್ಕ ಆಕಿನ್ನ ಕೇಳಿದ್ಳೇನು?"

ಮಾರೆಕ್ಕ ಹನ್ನೆರಡು ಜನರನ್ನು ವಿಚಾರಿಸುತ್ತಾಳೆ. ಡಾಕ್ಟರನ್ನು, ವಕೀಲನನ್ನು, ಗೇಟಿನ ಹೊರಗೆ ಕೂರುವ ಗಿಣಿ ಶಾಸ್ತ್ರದವನನ್ನು. ಅದನ್ನು ಹೇಳಿದೆ.

"ಗಿಣಿನ್ನ ಕೇಳ್ಯಾಳ" ಎಂದಳು ಹಂಪಕ್ಕ ಉಳಿದವರಿಗೆ. "ಮನಷ್ಯಾರ್ನ ಕೇಳಿಲ್ಲ."

ಬದುವಿನ ಆ ತುದಿಯವರೆಗೂ ನಕ್ಕರು. ಅವ್ವ ನಗಲಿಲ್ಲ, ಆದರೆ ಸೆರಗು ಬಾಯಿಗೆ ಹೋಯಿತು. ನಾನು ನಾಚಿಕೊಂಡು ತಲೆ ತಗ್ಗಿಸಿದೆ. ಇಷ್ಟು ದಿನ ಒಬ್ಬನೇ ಪಟ್ಟ ನಾಚಿಕೆಗಿಂತ ಇವರ ನಡುವೆ ಪಟ್ಟದ್ದು ಯಾಕೋ ಹಗುರ ಅನ್ನಿಸಿತು. ಕೊಲೆಗಾರನನ್ನು ನಲವತ್ತನೇ ಪುಟದಲ್ಲಿ ಹಿಡಿದ ಪತ್ರಿಕೆಗೆ ಈ ತಪ್ಪು ಸಿಕ್ಕಿರಲಿಲ್ಲ.

ನಗು ನಿಂತ ಮೇಲೆ ಹಂಪಕ್ಕ ಎದ್ದು, ಕ್ಯಾನಿನಿಂದ ಚೊಂಬಿಗೆ ನೀರು ಬಗ್ಗಿಸಿ ನನ್ನ ಕಡೆ ಚಾಚಿದಳು. ಆಗ ಆದದ್ದು ಇದು. ನಾನು ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ, ಬಾಯಿಗೆ ಹಚ್ಚಿಕೊಂಡು, ಕತ್ತೆತ್ತಿ ಕಾಯುತ್ತಿದ್ದೆ. ನಲವತ್ತೊಂದು ವರ್ಷ, ಸರಕಾರಿ ನೌಕರಿ, ಎರಡು ಪುಸ್ತಕ, ಎದೆಯ ಮೇಲೆ ಧ್ವಜ. ಸುತ್ತಲಿನ ರೊಟ್ಟಿ ಮುರಿಯುವ ಕೈಗಳು ನಿಂತ ಮೇಲೆಯೇ ನನಗೆ ನನ್ನ ಕೈ ಕಂಡದ್ದು.

ಹಂಪಕ್ಕ ಸುರಿಯಲಿಲ್ಲ. ಚೊಂಬು ಹಿಡಿದು ಹಾಗೇ ನಿಂತಳು. ಅವ್ವ ಎದ್ದು ಬಂದು ನನ್ನ ಎರಡು ಮಣಿಕಟ್ಟನ್ನೂ ಹಿಡಿದು ಬೊಗಸೆ ಬಿಡಿಸಿದಳು. ಹಂಪಕ್ಕನ ಕೈಯಿಂದ ಚೊಂಬು ತೆಗೆದುಕೊಂಡು ನನ್ನ ಕೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದಳು.

"ಹಿಡ್ಕೊ" ಎಂದಳು. ಕುಡಿದೆ.

ನಾಟಿ ಮತ್ತೆ ಶುರುವಾದಾಗ ನಾನೂ ಇಳಿದೆ. ಅರ್ಧ ಸಾಲು ಹಚ್ಚುವಷ್ಟರಲ್ಲಿ ಅವ್ವ ಬಂದು ಅಷ್ಟನ್ನೂ ಕಿತ್ತು ಮತ್ತೆ ಹಚ್ಚಿದಳು. ಬಳ್ಳಾರಿಗೆ ಬಂದಾಗ ಜಯಶ್ರೀ, "ಹಿಂಗ ಬಸ್ಸಿನ್ಯಾಗ ಬಂದ್ರೇನು?" ಎಂದಳು. ನೋಡಿಕೊಂಡರೆ ಅಂಗಿಯ ತೋಳು, ಪ್ಯಾಂಟು, ಎಲ್ಲ ಕೆಸರು. ಹೌದು, ಹಾಗೇ ಬಂದಿದ್ದೆ.

ಆಗಸ್ಟ್ 17, ಭಾನುವಾರ

ಇನ್ನೊಂದು ಪತ್ರಿಕೆಯವರೂ ಬೈದಿದ್ದಾರೆಂದು ಹನುಮೇಶ್ ಫೋನ್ ಮಾಡಿದ. ಕಳಿಸುತ್ತೇನೆ ಎಂದ. ಕಳಿಸಿದ್ದಾನೋ ಏನೋ, ನೋಡಿಲ್ಲ. ಹಿಂಬದಿಯ 'ಕೃಷಿಕ ಕುಟುಂಬ' ತೆಗೆದು 'ಕೂಲಿ ಕುಟುಂಬ' ಎಂದು ಹಾಕಲು ಅವನಿಗೆ ಹೇಳಿದೆ. ಮುಂದಿನ ಮುದ್ರಣ ಆದರೆ ತಾನೇ ಸರ್ ಎಂದ. ಅವನು ಹೇಳುವುದೂ ಸರಿ.

ಗುಂಪಿನವರು ಗದ್ದೆಯಿಂದ ಬರುವ ಹೊತ್ತು ನೋಡಿ ಅವ್ವನಿಗೆ ಫೋನ್ ಮಾಡಿದೆ. ಮೂರನೆಯದನ್ನು ಆ ನೀರು ಕೇಳಿದ ಹೆಂಗಸಿನಿಂದಲೇ ಶುರು ಮಾಡುತ್ತೇನೆ, ಹೆಸರು ಏನಿಡಲಿ ಎಂದು ಕೇಳಿದೆ.

"ನೀ ಹೋದ ಮ್ಯಾಲ ಅದೊಂದು ದೊಡ್ಡ ಜಗಳ ಆಗೇತಿ" ಎಂದಳು. "ಎಲ್ಲಾರಿಗೂ ತಮ್ಮ ಹೆಸರೇ ಬೇಕಂತ. ಹಂಪಕ್ಕ ಅಂತಾಳ, ನನ್ನ ಹೆಸರಿಟ್ರ ಸೊಂಟ ನೋವೂ ಸೇರಿಸಿ ಬರಿ ಅಂತ ಹೇಳು ಅಂತ."

"ನಿನ್ನ ಹೆಸರು ಇಡ್ಲೇನವ್ವ? ಸುಂಕಮ್ಮ ಅಂತ?"

 ಅವ್ವನ ಹಿಂದೆ ಯಾರೋ ಕೈಕಾಲು ತೊಳೆಯುವ ಸದ್ದು ಕೇಳುತ್ತಿತ್ತು.

"ಆಕಿ ಈ ಸಲ ನೀರು ಹೆಂಗ ಕುಡೀತಾಳ? ಅದನ್ನ ಮೊದ್ಲ ಹೇಳು."

ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎಂದೆ.

"ಅದಕ್ಕ ಯೋಚನಿ ಯಾಕಲೇ?" ಎಂದಳು ಅವ್ವ. "ಈಗ ಹೇಳು. ಕೇಳಾಕತ್ತೀನಿ."